ಔಷಧದ ಚೀಟಿ ಮತ್ತು ಅಪ್ರಮಾದ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ಬಗೆಯ ದಾನಗಳು ಶ್ರಾವಕಧರ್ಮದಲ್ಲಿ ಪ್ರಸಿದ್ಧವಾಗಿವೆ. ಇವುಗಳಲ್ಲಿ ಔಷಧದಾನಕ್ಕೆ ಒಂದು ವಿಶೇಷವಿದೆ. ಅನ್ನವನ್ನು ಬಡಿಸುವವನೂ ಉಣ್ಣುವವನೂ ಅದು ಅನ್ನವೆಂದು ಕಂಡೇ ತಿಳಿಯಬಲ್ಲರು. ಔಷಧವನ್ನಾದರೋ ರೋಗಿಯು ಪರೀಕ್ಷಿಸಲಾರನು. ಕೊಟ್ಟವರನ್ನು ನಂಬಿ ಸ್ವೀಕರಿಸುತ್ತಾನೆ. ಆದುದರಿಂದ ತಾನು ಕೊಡುತ್ತಿರುವುದು ಏನು, ಎಷ್ಟು, ಯಾರಿಗೆ ಎಂಬುದನ್ನು ಕೊಡುವವನು ನಿಶ್ಚಯವಾಗಿ ಅರಿತಿರಬೇಕಾದುದು ಈ ದಾನದ ಮೊದಲ ನಿಯಮವಾಗಿದೆ.

ಕಲಬುರಗಿ ಸೀಮೆಗೆ ಈ ವಿಚಾರ ಹೊಸತಲ್ಲ. ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದೊಡನೆ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದ ಹೆಸರು ಸೇರಿಕೊಂಡಿದೆ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಮಾಡುವ ಮಾರ್ಗವನ್ನು ಆ ಆಚಾರ್ಯರು ನಿರೂಪಿಸಿದರು. ಔಷಧದೊಳಗೆ ಏನಿದೆ ಎಂಬ ಪ್ರಶ್ನೆ ಅವರಿಗೆ ವೈದ್ಯದ ಪ್ರಶ್ನೆಯಾಗಿದ್ದಂತೆ ಧರ್ಮದ ಪ್ರಶ್ನೆಯೂ ಆಗಿತ್ತು. ಇಂದಿನ ಜೈನ ಕುಟುಂಬಗಳೂ ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ನಿನಿಂದ ಆದುದೇ ಎಂದು ಔಷಧದಂಗಡಿಯಲ್ಲಿ ನಿಂತು ಕೇಳುವವರುಂಟು. ಆದರೆ ಅದೇ ಕುಟುಂಬದ ಹಿರಿಯರು ಆಸ್ಪತ್ರೆಯಲ್ಲಿ ಮಲಗಿರುವಾಗ, ತಲೆಯ ಮೇಲೆ ತೂಗುವ ಬಾಟಲಿಯಿಂದ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತಿರುವುದು ಏನೆಂದು ಕೇಳುವವರು ವಿರಳ. ಎಲ್ಲರೂ ಅದನ್ನು ‘ಸಲೈನ್’ ಎಂದು ಕರೆದು ಸುಮ್ಮನಾಗುತ್ತಾರೆ.

ರಕ್ತನಾಳದ ಮೂಲಕ ಕೊಡುವ ಔಷಧವು ಉಳಿದ ಔಷಧಗಳಂತಲ್ಲ. ತಪ್ಪು ಗುಳಿಗೆ ನುಂಗಿದರೆ ವಾಂತಿ ಮಾಡಿಸಲು, ಹೊಟ್ಟೆ ತೊಳೆಯಲು ಸ್ವಲ್ಪವಾದರೂ ಸಮಯವಿರುತ್ತದೆ. ಅಭಿಧಮನಿಗೆ ಸೇರಿದ ಔಷಧವು ಕೆಲವೇ ಕ್ಷಣಗಳಲ್ಲಿ ಹೃದಯವನ್ನು ಮುಟ್ಟುತ್ತದೆ. ಅದನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ. ಇನ್ನೊಂದು ಕಷ್ಟವೆಂದರೆ ಈ ದ್ರವಗಳಲ್ಲಿ ಬಹುಪಾಲು ನೀರಿನಂತೆ ನಿರ್ಮಲವಾಗಿವೆ. ಶುದ್ಧ ಜಲ, ಉಪ್ಪುನೀರು, ಪೊಟ್ಯಾಸಿಯಮ್ ಕ್ಲೋರೈಡ್, ಇನ್ಸುಲಿನ್, ಹೆಪಾರಿನ್, ಅಡ್ರಿನಲಿನ್, ಸ್ನಾಯುಗಳನ್ನು ಸ್ತಬ್ಧಗೊಳಿಸುವ ಅರಿವಳಿಕೆಯ ಮದ್ದುಗಳು, ಇವೆಲ್ಲ ಸಿರಿಂಜಿನೊಳಗೆ ಸೇರಿದ ಮೇಲೆ ಒಂದೇ ರೂಪದವು. ಕಣ್ಣು ಇಲ್ಲಿ ಸಾಕ್ಷಿಯಾಗಲಾರದು, ಮೂಗೂ ಆಗಲಾರದು. ಸಾಕ್ಷಿಯಾಗಬಲ್ಲದ್ದು ಅದಕ್ಕೆ ಅಂಟಿಸಿದ ಒಂದು ಚೀಟಿ ಮಾತ್ರ.

ಪೊಟ್ಯಾಸಿಯಮ್ ಕ್ಲೋರೈಡನ್ನೇ ನೋಡಬಹುದು. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ ೧೦ ಮಿಲಿಲೀಟರಿನ ಆಂಪೂಲಿನಲ್ಲಿ ಬರುತ್ತದೆ. ಅದರಲ್ಲಿ ಒಂದೂವರೆ ಗ್ರಾಂ ಲವಣವಿರುತ್ತದೆ. ದೊಡ್ಡ ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಹನಿಸಿದರೆ ಅದು ರೋಗಿಯ ಪ್ರಾಣವನ್ನು ಕಾಯುತ್ತದೆ. ಅದನ್ನೇ ಬೆರೆಸದೆ ಸಿರಿಂಜಿನಿಂದ ಒಮ್ಮೆಗೇ ದೂಡಿದರೆ ಹೃದಯ ನಿಂತುಹೋಗುತ್ತದೆ. ಇನ್ಸುಲಿನ್ನಿನ ವಿಷಯವೂ ಹಾಗೆಯೇ. ಪ್ರತಿ ಮಿಲಿಲೀಟರಿಗೆ ೪೦ ಯೂನಿಟ್ ಇರುವ ವಯಲ್ಲುಗಳೂ ೧೦೦ ಯೂನಿಟ್ ಇರುವವೂ ಒಟ್ಟಿಗೆ ಬಳಕೆಯಲ್ಲಿವೆ. ೪೦ರ ಸಿರಿಂಜಿನಲ್ಲಿ ೧೦೦ರ ಔಷಧವನ್ನು ಎಳೆದರೆ ರೋಗಿಗೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಔಷಧದ ಹೆಸರು ಸರಿಯಿದ್ದರೂ ಪ್ರಮಾಣ ತಪ್ಪಿದರೆ ಅದು ಬೇರೆಯೇ ಔಷಧವಾಗುತ್ತದೆ.

ಕಾರ್ಖಾನೆಯಿಂದ ಬರುವ ಬಾಟಲಿಗೆ ಚೀಟಿ ಇದ್ದೇ ಇರುತ್ತದೆ. ೧೯೪೫ರ ಔಷಧ ನಿಯಮಾವಳಿಯಂತೆ ಔಷಧದ ಹೆಸರು, ಅದರಲ್ಲಿರುವ ದ್ರವ್ಯದ ಪ್ರಮಾಣ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ ಇವುಗಳನ್ನು ಮುದ್ರಿಸಲೇಬೇಕು. ಆದರೆ ದಾದಿಯು ಆ ಬಾಟಲಿಗೆ ಮತ್ತೊಂದು ಔಷಧವನ್ನು ಸೇರಿಸಿದ ಕ್ಷಣದಿಂದ ಕಾರ್ಖಾನೆಯ ಚೀಟಿ ಅರ್ಧಸತ್ಯವಾಗುತ್ತದೆ. ಹೊರಗೆ ‘ಸೋಡಿಯಂ ಕ್ಲೋರೈಡ್’ ಎಂದಿದೆ. ಒಳಗೆ ಪೊಟ್ಯಾಸಿಯಮ್ಮೂ ಇದೆ. ಯಾರೂ ಸುಳ್ಳು ನುಡಿದಿಲ್ಲ. ಆದರೂ ಬಾಟಲಿಯು ಮುಂದಿನ ಪಾಳಿಯವರಿಗೆ ಸುಳ್ಳು ಹೇಳುತ್ತಿದೆ. ಆಂಪೂಲಿನಿಂದ ಸಿರಿಂಜಿಗೆ ಎಳೆದ ಔಷಧದ ಸ್ಥಿತಿ ಇದಕ್ಕಿಂತ ಕಷ್ಟ. ಅದರ ಹೆಸರು ಒಡೆದ ಆಂಪೂಲಿನೊಡನೆ ಕಸದ ಬುಟ್ಟಿಗೆ ಹೋಗಿರುತ್ತದೆ.

ಇಂತಹ ಹೆಸರಿಲ್ಲದ ದ್ರವ ಏನು ಮಾಡಬಲ್ಲದು ಎಂಬುದಕ್ಕೆ ಜಗತ್ತು ಬಲ್ಲ ಒಂದು ಉದಾಹರಣೆಯಿದೆ. ೨೦೦೪ರ ನವೆಂಬರಿನಲ್ಲಿ ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆಯಲ್ಲಿ ೬೯ ವರ್ಷದ ಮಹಿಳೆಯೊಬ್ಬರಿಗೆ ಮಿದುಳಿನ ರಕ್ತನಾಳದ ಚಿಕಿತ್ಸೆ ನಡೆಯುತ್ತಿತ್ತು. ಎಕ್ಸ್-ರೇ ಚಿತ್ರಕ್ಕಾಗಿ ರಕ್ತನಾಳಕ್ಕೆ ಬಿಡುವ ದ್ರವವೂ ಚರ್ಮವನ್ನು ಶುಚಿಗೊಳಿಸುವ ಕ್ಲೋರ್‌ಹೆಕ್ಸಿಡಿನ್ ದ್ರವವೂ ಚೀಟಿಯಿಲ್ಲದ ಪಾತ್ರೆಗಳಲ್ಲಿದ್ದವು. ಎರಡೂ ಬಣ್ಣವಿಲ್ಲದವು. ಚರ್ಮಕ್ಕೆ ಹಚ್ಚಬೇಕಾದುದು ರಕ್ತನಾಳವನ್ನು ಸೇರಿತು. ಕೆಲವು ವಾರಗಳ ಯಾತನೆಯ ನಂತರ ಆ ತಾಯಿ ತೀರಿಕೊಂಡರು. ಅಲ್ಲಿದ್ದವರು ಅನುಭವಸ್ಥರು, ಯಾರಿಗೂ ಕೇಡಿನ ಭಾವನೆ ಇರಲಿಲ್ಲ. ಆಸ್ಪತ್ರೆಯು ಅದನ್ನು ಮುಚ್ಚಿಡದೆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಮೂಲ ಪಾತ್ರೆಯಿಂದ ಹೊರತೆಗೆದ ಪ್ರತಿಯೊಂದು ದ್ರವಕ್ಕೂ ಚೀಟಿ ಇರಲೇಬೇಕೆಂಬ ನಿಯಮವನ್ನು ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯು ೨೦೦೬ರಿಂದ ತನ್ನ ಸುರಕ್ಷತಾ ಗುರಿಗಳಲ್ಲಿ ಸೇರಿಸಿತು.

ಆ ಚೀಟಿಯಲ್ಲಿ ಏನಿರಬೇಕು? ರೋಗಿಯ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ, ಔಷಧದ ಪೂರ್ಣ ಹೆಸರು, ಸೇರಿಸಿದ ಒಟ್ಟು ಪ್ರಮಾಣ, ಯಾವ ದ್ರವದಲ್ಲಿ, ಎಷ್ಟು ಮಿಲಿಲೀಟರಿನಲ್ಲಿ ಬೆರೆಸಲಾಯಿತು ಎಂಬುದು, ಪ್ರತಿ ಮಿಲಿಲೀಟರಿನಲ್ಲಿ ಉಳಿದ ಸಾಂದ್ರತೆ, ಕೊಡುವ ಮಾರ್ಗ, ತಯಾರಿಸಿದ ದಿನ ಮತ್ತು ಗಂಟೆ, ಎಷ್ಟು ಹೊತ್ತಿನೊಳಗೆ ಬಳಸಬೇಕೆಂಬುದು, ತಯಾರಿಸಿದವರ ಮತ್ತು ಪರೀಕ್ಷಿಸಿದವರ ಸಹಿ. ಒಮ್ಮೆಗೆ ಒಂದೇ ಔಷಧವನ್ನು ತಯಾರಿಸಿ, ಅದಕ್ಕೆ ಚೀಟಿ ಅಂಟಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಖಾಲಿ ಸಿರಿಂಜುಗಳಿಗೆ ಮೊದಲೇ ಚೀಟಿ ಅಂಟಿಸಿಡುವುದೂ ಅಪಾಯವೇ. ಚೀಟಿಯೊಂದು ಔಷಧವೊಂದು ಆದೀತು. ಕಾರ್ಖಾನೆಯ ಚೀಟಿಯೂ ಬಾಟಲಿಯ ಅಳತೆಗೆರೆಗಳೂ ಮುಚ್ಚಿಹೋಗದಂತೆ ಅಂಟಿಸಬೇಕು. ಪ್ಲಾಸ್ಟಿಕ್ ಚೀಲದ ಮೇಲೆ ನೇರವಾಗಿ ಪೆನ್ನಿನಿಂದ ಬರೆಯಬಾರದು. ಶಾಯಿಯು ಪದರದ ಮೂಲಕ ಒಳಗಿಳಿಯಬಹುದು. ಒಬ್ಬ ರೋಗಿಗೆ ಎರಡು ಮೂರು ನಳಿಕೆಗಳಿದ್ದರೆ ಪ್ರತಿಯೊಂದು ನಳಿಕೆಗೂ ಚೀಟಿ ಬೇಕು. ತಯಾರಿಸಿದವರ ಕೈ ಬಿಡದೆ ತಕ್ಷಣವೇ ಕೊಟ್ಟು ಮುಗಿಸುವ ಸಿರಿಂಜಿಗೆ ಮಾತ್ರ ಇದರಿಂದ ವಿನಾಯಿತಿ. ಕೈಯಿಂದ ಕೆಳಗಿಟ್ಟ, ಚೀಟಿಯಿಲ್ಲದ ಸಿರಿಂಜನ್ನು ಅದು ಎಷ್ಟೇ ಬೆಲೆಯದಾಗಿದ್ದರೂ ಎಸೆಯಬೇಕು. ಊಹೆಯಿಂದ ಬಳಸುವಂತಿಲ್ಲ.

ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಪರೀಕ್ಷಿಸಿ ನಡೆಯಬೇಕೆಂಬ ಆದಾನನಿಕ್ಷೇಪಣ ಸಮಿತಿಯನ್ನು ಬಲ್ಲವರಿಗೆ ಈ ನಿಯಮಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುನಿಗಳು ಪಿಂಛಿಯಿಂದ ನೆಲವನ್ನು ಸವರಿ ಕಮಂಡಲುವನ್ನು ಇಡುವುದು ಕಾಣದ ಜೀವದ ಮೇಲಿನ ಕರುಣೆಯಿಂದ. ಸಿರಿಂಜನ್ನು ತಟ್ಟೆಯಲ್ಲಿಡುವ ಮುನ್ನ ಚೀಟಿ ಅಂಟಿಸುವುದು ಕಾಣುವ ಜೀವದ ಮೇಲಿನ ಕರುಣೆಯಿಂದ.

ಚೀಟಿಯ ಮೇಲೆ ರೋಗಿಯ ಹೆಸರೊಂದೇ ಸಾಲದೇ ಎಂದು ಕೇಳುವವರು ಕಲಬುರಗಿಯ ಯಾವುದಾದರೂ ವಾರ್ಡಿನ ಹೆಸರುಪಟ್ಟಿಯನ್ನು ನೋಡಬೇಕು. ಶರಣಬಸವೇಶ್ವರರ ಊರಿನಲ್ಲಿ ಶರಣಪ್ಪ, ಶರಣಮ್ಮ, ಶರಣಬಸಪ್ಪ ಎಂಬ ಹೆಸರುಗಳಿಗೆ ಲೆಕ್ಕವಿಲ್ಲ. ಮಲ್ಲಿಕಾರ್ಜುನ, ಮಹಾದೇವಿ, ಮೆಹಬೂಬ, ಖಾಜಾ ಎಂಬವರು ಪ್ರತಿ ಓಣಿಯಲ್ಲಿದ್ದಾರೆ. ೧೯೬೩ರಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಈ ನಗರ ಸುತ್ತಣ ಸೀಮೆಗೆಲ್ಲ ಚಿಕಿತ್ಸೆಯ ಕೇಂದ್ರವಾಗಿದೆ. ಯಾದಗಿರಿ, ಬೀದರ, ಗಡಿಯಾಚೆಯ ತೆಲಂಗಾಣ ಮತ್ತು ಮಹಾರಾಷ್ಟ್ರದ ಹಳ್ಳಿಗಳಿಂದಲೂ ರೋಗಿಗಳು ಬರುತ್ತಾರೆ. ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತುಗಳು ಒಂದೇ ವಾರ್ಡಿನಲ್ಲಿ ಕೇಳಿಬರುತ್ತವೆ. ‘ಶರಣಮ್ಮ ಯಾರು?’ ಎಂದು ಬಾಗಿಲಲ್ಲಿ ನಿಂತು ಕೂಗಿದರೆ ಇಬ್ಬರು ಕೈಯೆತ್ತಬಹುದು; ಜ್ವರದ ಮಂಪರಿನಲ್ಲಿ ಮೂರನೆಯವರೂ ‘ಹೂಂ’ ಎನ್ನಬಹುದು. ಆದುದರಿಂದಲೇ ಹೆಸರಿನ ಜೊತೆಗೆ ನೋಂದಣಿ ಸಂಖ್ಯೆಯೂ ಬೇಕು. ಚೀಟಿಯನ್ನು ಮುಂಗೈಯ ಪಟ್ಟಿಯೊಡನೆ ಹೋಲಿಸಿ ನೋಡಲೂ ಬೇಕು.

ಇನ್ನು ಕಮಲಾಪುರದ ದಾರಿಯ ಮಾತು. ಕೆಂಪು ಬಾಳೆಗೆ ಹೆಸರಾದ ಈ ಊರು ೨೦೧೮ರಿಂದ ತಾಲ್ಲೂಕು ಕೇಂದ್ರವಾಗಿದೆ. ಹುಮನಾಬಾದ್ ಹೆದ್ದಾರಿಯಲ್ಲಿ ಕಲಬುರಗಿಯಿಂದ ಸುಮಾರು ೩೫ ಕಿಲೋಮೀಟರ್. ಇಂತಹ ಊರುಗಳಿಂದ ಹೆರಿಗೆಯ ತೊಡಕಿರುವ ಗರ್ಭಿಣಿಯರನ್ನು ೧೦೮ ಆಂಬುಲೆನ್ಸಿನಲ್ಲಿ ನಗರಕ್ಕೆ ಕಳುಹಿಸುವುದು ನಿತ್ಯದ ಸಂಗತಿ. ತಾಯಿಯ ಜೊತೆಗೆ ಬಾಟಲಿಯೂ ಪ್ರಯಾಣ ಮಾಡುತ್ತದೆ. ಅದರಲ್ಲಿ ಬರಿಯ ರಿಂಗರ್ ಲ್ಯಾಕ್ಟೇಟ್ ಇದೆಯೋ ಆಕ್ಸಿಟೋಸಿನ್ ಬೆರೆತಿದೆಯೋ ಎಂಬುದನ್ನು ನೋಟದಿಂದ ಹೇಳಲಾಗದು. ರಕ್ತದೊತ್ತಡ ಇಳಿಯಿತೆಂದು ಬರಿಯ ದ್ರವವನ್ನು ವೇಗವಾಗಿ ಬಿಡುವುದು ಸರಿಯಾದ ಕ್ರಮ. ಹೆರಿಗೆಯಾಗದ ತಾಯಿಗೆ ಆಕ್ಸಿಟೋಸಿನ್ ಬೆರೆತುದನ್ನು ಅದೇ ವೇಗದಲ್ಲಿ ಬಿಟ್ಟರೆ ಗರ್ಭಕೋಶವು ಬಿಡುವಿಲ್ಲದೆ ಸಂಕುಚಿಸಿ ಮಗುವಿನ ಉಸಿರಿಗೇ ಕುತ್ತು ಬರುತ್ತದೆ, ಗರ್ಭಕೋಶ ಬಿರಿಯಲೂಬಹುದು. ಕೈ ಒಂದೇ, ಬಾಟಲಿ ಒಂದೇ. ಬೇರೆಯಾಗಿರುವುದು ಇಲ್ಲದ ಚೀಟಿ.

ನಂಜಿನ ಫಿಟ್ಸ್ ಬಂದ ಗರ್ಭಿಣಿಗೆ ಕೊಡುವ ಮೆಗ್ನೀಸಿಯಮ್ ಸಲ್ಫೇಟಿನದೂ ಇದೇ ಕಥೆ. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮೊದಲು ಎರಡೂ ಪೃಷ್ಠಗಳಿಗೆ ಐದೈದು ಗ್ರಾಂ ಚುಚ್ಚಿ ಕಳುಹಿಸುವ ಪದ್ಧತಿ ಸರ್ಕಾರದ ಮಾರ್ಗಸೂಚಿಯಲ್ಲಿದೆ. ಎಷ್ಟು ಗಂಟೆಗೆ ಎಷ್ಟು ಕೊಟ್ಟೆವೆಂದು ಬರೆದು ಕಳುಹಿಸದಿದ್ದರೆ ನಗರದ ಆಸ್ಪತ್ರೆಯಲ್ಲಿ ಅದನ್ನೇ ಮತ್ತೆ ರಕ್ತನಾಳಕ್ಕೆ ಕೊಟ್ಟಾರು. ಅತಿಯಾದ ಮೆಗ್ನೀಸಿಯಮ್ ಮೊದಲು ಮೊಣಕಾಲಿನ ಪ್ರತಿಕ್ರಿಯೆಯನ್ನು, ಬಳಿಕ ಉಸಿರನ್ನು ನಿಲ್ಲಿಸುತ್ತದೆ. ಕಮಲಾಪುರದಲ್ಲಿ ಬರೆದ ಎರಡು ಸಾಲು ಕಲಬುರಗಿಯಲ್ಲಿ ಒಂದು ಪ್ರಾಣವನ್ನು ಕಾಯುವುದು ಹೀಗೆ.

ಆದರೆ ಚೀಟಿ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೇ? ಇಲ್ಲ. ೨೦೦೬ರ ಜುಲೈಯಲ್ಲಿ ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಹೆರಿಗೆಗೆ ಬಂದ ೧೬ ವರ್ಷದ ಹುಡುಗಿಗೆ ಪೆನಿಸಿಲಿನ್ ಬದಲು, ಬೆನ್ನುಹುರಿಯ ಬಳಿ ಕೊಡಬೇಕಾದ ನೋವುನಿವಾರಕದ ಚೀಲವನ್ನು ಅಭಿಧಮನಿಗೆ ಜೋಡಿಸಲಾಯಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಆ ಚೀಲದ ಮೇಲೆ ಚೀಟಿ ಇತ್ತು, ಎಚ್ಚರಿಕೆಯ ಮಾತೂ ಇತ್ತು. ಅದನ್ನು ಓದಲಿಲ್ಲ. ಆ ದಾದಿಯು ಹಿಂದಿನ ದಿನ ಒಂದರ ಮೇಲೊಂದು ಎರಡು ಪಾಳಿ ದುಡಿದು, ಆಸ್ಪತ್ರೆಯಲ್ಲಿಯೇ ಕೆಲವು ಗಂಟೆ ಮಲಗಿ ಎದ್ದು ಮತ್ತೆ ಕೆಲಸಕ್ಕೆ ನಿಂತಿದ್ದರು. ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ತಪ್ಪು ದಾದಿಯದು, ಶಿಕ್ಷೆಯೂ ಅವರದು ಎಂದು ಒಂದು ಪಕ್ಷ ಹೇಳಿತು. ದಣಿದ ಕೈಗೆ ಕೆಲಸ ಒಪ್ಪಿಸಿದ ವ್ಯವಸ್ಥೆಗೆ ಹೊಣೆಯಿಲ್ಲವೇ ಎಂದು ಇನ್ನೊಂದು ಪಕ್ಷ ಕೇಳಿತು.

ಈ ವಿವಾದಕ್ಕೆ ನಮ್ಮ ಆಚಾರ್ಯರ ವಿಚಾರದಲ್ಲಿ ಬೆಳಕಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಸೇರಿಸಿ ಹೇಳಿದೆ. ಎಚ್ಚರದಿಂದ ನಡೆಯುವವನಿಂದ ತನಗರಿಯದೆ ಹಾನಿಯಾದರೆ ಅದರ ಲೆಕ್ಕ ಬೇರೆ. ಎಚ್ಚರಗೇಡಿಯಾಗಿ ನಡೆಯುವವನು ಯಾರಿಗೂ ಹಾನಿಯಾಗದಿದ್ದರೂ ಹಿಂಸೆಯ ದೋಷಕ್ಕೆ ಒಳಗಾಗುತ್ತಾನೆ ಎಂಬ ಅಭಿಪ್ರಾಯವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತರಿಸಿದ್ದಾರೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇದರ ವಿಪರ್ಯಾಸ ನಡೆಯುತ್ತದೆ. ರೋಗಿಗೆ ಕೇಡಾದರೆ ವಿಚಾರಣೆ, ಕೇಡಾಗದಿದ್ದರೆ ಮೌನ. ಚೀಟಿಯಿಲ್ಲದ ಸಿರಿಂಜು ನೂರು ಸಲ ಸರಿಯಾದ ರೋಗಿಗೇ ತಲುಪಿದರೆ ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ. ನೂರೊಂದನೆಯ ಸಲ ತಪ್ಪಿದರೆ ಒಬ್ಬ ದಾದಿ ಅಪರಾಧಿಯಾಗುತ್ತಾಳೆ. ದೋಷವು ಮೊದಲನೆಯ ಸಿರಿಂಜಿನಲ್ಲಿಯೇ ಇತ್ತು.

ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನು ದಾಖಲಿಸುವ ಪದ್ಧತಿಗೆ ಇದೇ ಆಧಾರ. ‘ತಪ್ಪು ಸಿರಿಂಜನ್ನು ಎತ್ತಿಕೊಂಡಿದ್ದೆ, ಚುಚ್ಚುವ ಮೊದಲು ಗೊತ್ತಾಯಿತು’ ಎಂದು ಹೇಳಿದವರಿಗೆ ಗದರಿಕೆ ದೊರೆತರೆ ಮರುದಿನ ಯಾರೂ ಹೇಳುವುದಿಲ್ಲ. ಹೇಳದ ಮೇಲೆ ಅದೇ ತಪ್ಪು ಮತ್ತೊಬ್ಬರ ಕೈಗೆ ಕಾದು ಕುಳಿತಿರುತ್ತದೆ. ಆಲೋಚನೆ, ಪ್ರತಿಕ್ರಮಣಗಳನ್ನು ಬಲ್ಲ ಸಮಾಜಕ್ಕೆ ದೋಷವನ್ನು ಹೇಳಿಕೊಳ್ಳುವುದು ಅವಮಾನವಲ್ಲ, ಶುದ್ಧಿಯ ಮಾರ್ಗ ಎಂಬುದು ತಿಳಿದಿದೆ. ಆದರೆ ಆಲೋಚನೆಯನ್ನು ಕೇಳುವ ಗುರುವು ಕ್ಷಮಾವಂತನಾಗಿರಬೇಕು. ಆಸ್ಪತ್ರೆಯ ಮೇಲಧಿಕಾರಿಗಳಿಗೂ ಈ ಮಾತು ಸಲ್ಲುತ್ತದೆ.

ಕರ್ಮವು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಮಾಡಿದವನು, ಮಾಡಿಸಿದವನು, ಒಪ್ಪಿ ಸುಮ್ಮನಿದ್ದವನು ಮೂವರೂ ಫಲದಲ್ಲಿ ಪಾಲುಗಾರರು. ಚೀಟಿ ಅಂಟಿಸದೆ ಬಿಟ್ಟುದು ದಾದಿಯ ಕೃತ. ಅವಳಿಗೆ ಚೀಟಿಗಳನ್ನೇ ಒದಗಿಸದಿದ್ದುದು, ಔಷಧ ಬೆರೆಸುವ ಮೂಲೆಗೆ ಸರಿಯಾದ ಬೆಳಕು ಕೊಡದಿದ್ದುದು, ಬಿಡುವಿಲ್ಲದ ವಾರ್ಡಿನಲ್ಲಿ ಇಡೀ ರಾತ್ರಿ ಅವಳೊಬ್ಬಳನ್ನೇ ನಿಲ್ಲಿಸಿದ್ದುದು ಆಡಳಿತದ ಕಾರಿತ. ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ಶುಶ್ರೂಷಕಿ ಇರಬೇಕೆಂಬ ಪ್ರಮಾಣವನ್ನು ಭಾರತೀಯ ಶುಶ್ರೂಷಾ ಪರಿಷತ್ತು ಹೇಳಿದೆ. ರಾತ್ರಿಯ ಪಾಳಿಯಲ್ಲಿ ವಾರ್ಡಿನೊಳಗೆ ಹೋಗಿ ಎಣಿಸಿದವರಿಗೆ ಆ ಪ್ರಮಾಣವೂ ವಾಸ್ತವವೂ ಎಷ್ಟು ದೂರವೆಂದು ತಿಳಿಯುತ್ತದೆ. ಇನ್ನು ದಾದಿಯು ಚೀಟಿ ಬರೆಯುತ್ತಿರುವಾಗ ‘ಬೇಗ ಬರ್ರಿ ಸಿಸ್ಟರ್, ಬಾಟಲಿ ಮುಗೀಲಿಕ್ಕತ್ತದ’ ಎಂದು ತೋಳು ಹಿಡಿದೆಳೆಯುವ ಬಂಧುಗಳದು ಅನುಮೋದನೆ. ಔಷಧ ಬೆರೆಸುತ್ತಿರುವವರನ್ನು ಮಾತನಾಡಿಸದಿರುವುದೇ ಆ ಹೊತ್ತಿನಲ್ಲಿ ಅವರು ಮಾಡಬಹುದಾದ ದೊಡ್ಡ ಸಹಾಯ.

ಚೀಟಿಯ ಉಪಯೋಗ ದಾದಿಯ ತಪ್ಪನ್ನು ತಡೆಯುವುದಕ್ಕೆ ಮಾತ್ರ ಸೀಮಿತವಲ್ಲ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಮೃತಪಟ್ಟಾಗ, ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರವದ ಗುಣಮಟ್ಟದ ಮೇಲೆ ಸಂಶಯ ಮೂಡಿತು. ಆ ತಯಾರಕರ ದ್ರವದ ಬಳಕೆಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಇಂತಹ ಸಂದರ್ಭದಲ್ಲಿ ಯಾವ ಬ್ಯಾಚಿನ ಬಾಟಲಿ ಯಾವ ತಾಯಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬ್ಯಾಚ್ ಸಂಖ್ಯೆಯನ್ನು ರೋಗಿಯ ಹಾಳೆಯಲ್ಲಿ ಬರೆದಿಟ್ಟಿದ್ದರೆ ಮಾತ್ರ. ಬಾಟಲಿ ಖಾಲಿಯಾಗಿ ಕಸಕ್ಕೆ ಹೋದ ಮೇಲೆ ಉಳಿಯುವ ಸಾಕ್ಷಿ ಆ ಬರಹವೊಂದೇ.

ಹಾಗಾದರೆ ಜೈನ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಮಾಡಬಹುದಾದುದೇನು? ಕುಟುಂಬದವರು ಜಗಳವಾಡದೆ, ವಿನಯದಿಂದ ಮೂರು ಪ್ರಶ್ನೆ ಕೇಳಬಹುದು: ‘ಸಿಸ್ಟರ್, ಇದು ಯಾವ ಔಷಧ? ಇದರ ಮೇಲೆ ನಮ್ಮ ತಂದೆಯವರ ಹೆಸರಿದೆಯೇ? ಎಷ್ಟು ಹೊತ್ತು ನಡೆಯಬೇಕು?’ ಹನಿಯ ವೇಗವನ್ನು ತಾವೇ ಹೆಚ್ಚು ಕಡಿಮೆ ಮಾಡಬಾರದು. ಮುಂಗೈಯ ಪಟ್ಟಿ ಚುಚ್ಚುತ್ತದೆಂದು ಬಿಚ್ಚಬಾರದು. ರೋಗಿಗೆ ಯಾವ ಔಷಧ ಒಗ್ಗುವುದಿಲ್ಲವೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಬೇಕು. ಊರಿನ ಆಸ್ಪತ್ರೆಯಿಂದ ನಗರಕ್ಕೆ ಹೊರಡುವಾಗ ಕೊಟ್ಟ ಔಷಧಗಳ ಪಟ್ಟಿಯನ್ನು ಗಂಟೆಯ ಸಮೇತ ಬರೆಸಿಕೊಳ್ಳದೆ ಗಾಡಿ ಹತ್ತಬಾರದು.

ಟ್ರಸ್ಟುಗಳು ಆಸ್ಪತ್ರೆಗೆ ಮಂಚ, ಫ್ಯಾನು, ನೀರಿನ ಯಂತ್ರ ಕೊಟ್ಟು ಅವುಗಳ ಮೇಲೆ ದಾನಿಗಳ ಹೆಸರನ್ನು ಬರೆಸುವುದುಂಟು. ಅದು ತಪ್ಪಲ್ಲ. ಅದರೊಡನೆ ಅಂಟುವ ಚೀಟಿಗಳ ಸುರುಳಿಗಳನ್ನೂ, ಅಳಿಯದ ಶಾಯಿಯ ಪೆನ್ನುಗಳನ್ನೂ, ಔಷಧ ಬೆರೆಸುವ ಮೇಜಿನ ಮೇಲೊಂದು ಒಳ್ಳೆಯ ದೀಪವನ್ನೂ, ಪೊಟ್ಯಾಸಿಯಮ್ಮಿನಂತಹ ಮದ್ದುಗಳನ್ನು ಬೇರೆಯಾಗಿ ಬೀಗ ಹಾಕಿಡುವ ಕಪಾಟನ್ನೂ ಕೊಡಬಹುದು. ವರ್ಷಕ್ಕೊಮ್ಮೆ, ಸೆಪ್ಟೆಂಬರ್ ೧೭ರಂದು, ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಿಂದ ನಡೆಸುತ್ತಿರುವ ರೋಗಿಸುರಕ್ಷತಾ ದಿನದಲ್ಲಿ ಕಲಬುರಗಿಯ ಮತ್ತು ಕಮಲಾಪುರದ ದಾದಿಯರಿಗೆ ಇದೇ ವಿಷಯದ ತರಬೇತಿಯನ್ನು ಏರ್ಪಡಿಸಬಹುದು. ಈ ದಾನದ ಮೇಲೆ ದಾನಿಯ ಹೆಸರು ಬರೆಯಲು ಸ್ಥಳವಿರುವುದಿಲ್ಲ. ಆ ಚೀಟಿಯಲ್ಲಿ ರೋಗಿಯ ಹೆಸರು ಇರಬೇಕಾಗುತ್ತದೆ.